ಮನಸ್ಸಿನ ಒಡ್ಡು ತೆಗೆದು ದುಡಿಯೋಣ



ಕೊಡೇಕಲ್ ಎಂದೊಡನೆ ಹದಿನಾರನೆಯ ಶತಮಾನದ ಕಾಲಜ್ಞಾನಿ ಕೊಡೇಕಲ್ ಬಸವಣ್ಣನವರ ನೆನಪಾಗುತ್ತದೆ. ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತ ಬಂದಿದ್ದಾರೆ. ಜನರ ನಡುವಿನ ಗೋಡೆ ಅಲ್ಲಿ ಕರಗಿತು. ಮನುಷ್ಯ ತನ್ನೊಳಗೆ ತಾನೇ ಕಟ್ಟಿಕೊಂಡ ಗೋಡೆ ಮಾತ್ರ ಸುಲಭವಾಗಿ ಕರಗುವುದಿಲ್ಲ. ಅದು ಹೊಲದಲ್ಲಿಯೂ ಕಾಣುತ್ತದೆ.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಜೋಳ, ತೊಗರಿಯ ಒಣ ಎರೆಭೂಮಿಗೆ ಹರಿಯಿತು. ಯೋಜನೆ ಹಾಕಿದ್ದು ಕಡಿಮೆ ನೀರಿನ ಬೆಳೆಗಳಿಗಾಗಿ. ಆದರೆ ಕಾಲುವೆಯ ತಲೆಭಾಗದಲ್ಲಿ ಭತ್ತ ಹೆಚ್ಚಿತು. ಸದಾ ನೀರು ನಿಂತಲ್ಲಿ ಭೂಮಿ ಸವಳು-ಜವಳಾಯಿತು, ಕೊನೆಭಾಗದ ರೈತನಿಗೆ ನೀರು ಸಾಲದಾಯಿತು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬದಲಾಗದಿರುವುದೇಕೆ?

ಒಂದು ಮನೆಯ ಮಾತು ಕೇಳೋಣ. ಮಗ ಕೇಳುತ್ತಾನೆ: "ಕಾಕಾ, ಈ ಸಲ ಕೂರಿಗಿಲೆ ಭತ್ತ ಬಿತ್ತೂಣೇನು?" ಕಾಕಾ ಹೇಳುತ್ತಾನೆ: "ಬ್ಯಾಡೋ ತಮ್ಮಾ, ಮಂದಿ ನಗ್ತಾರ." ಅವನಿಗೆ ಬೆಳೆಯ ಭಯಕ್ಕಿಂತ ನಗೆಯ ಭಯ ದೊಡ್ಡದು. ಇದಕ್ಕೆ ಕಾರಣವೂ ಉಂಟು. ಕೂರಿಗೆ ಭತ್ತ ಮೊದಲ ತಿಂಗಳು ತೆಳ್ಳಗೆ ಕಾಣುತ್ತದೆ. ಪಕ್ಕದ ನಾಟಿ ಗದ್ದೆ ಹಸಿರಾಗಿರುತ್ತದೆ. ಆಗ ಧೈರ್ಯಗೆಟ್ಟು ಕಳೆಯತ್ತ ನೋಡದೆ ಬಿಟ್ಟವನು ಸೋಲುತ್ತಾನೆ.

ಇಂಥ ಒಡ್ಡುಗಳು ಮೂರು. ಮೊದಲನೆಯದು, ಮಂದಿ ಏನಂದಾರು ಎಂಬುದು. ಎರಡನೆಯದು, ಈ ವಯಸ್ಸಿನಲ್ಲಿ ಇನ್ನೊಬ್ಬರನ್ನು ಕೇಳಲು ನಾಚಿಕೆ. ಮೂರನೆಯದು, ಹಿಂದೊಮ್ಮೆ ಆದ ಹಾನಿಯ ನೆನಪು. ಹೊಲದ ಒಡ್ಡು ಮಣ್ಣು ಕಾಯುತ್ತದೆ. ಈ ಒಡ್ಡುಗಳು ಬದುಕನ್ನೇ ಜವಳು ಮಾಡುತ್ತವೆ.

ಒಮ್ಮೆಗೇ ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಅರ್ಧ ಎಕರೆ ಸಾಕು. ಕೆಟ್ಟರೂ ಮನೆ ಮುಳುಗದು. ಹೀಗೆ ಮಾಡಿ:

ಸವಳಿಲ್ಲದ, ಸಮತಟ್ಟಾದ ತಾಕು ಆರಿಸಿ. ಮುಂಗಾರಿನ ಹದದಲ್ಲಿ ಎಕರೆಗೆ 10–12 ಕಿಲೋ ಬೀಜವನ್ನು ಸಾಲಿನಿಂದ ಸಾಲಿಗೆ 20 ಸೆಂಟಿಮೀಟರು ಬಿಟ್ಟು, 3–4 ಸೆಂಟಿಮೀಟರು ಆಳಕ್ಕೆ ಬಿತ್ತಿ. ಬಿತ್ತಿದ ಎರಡು ಮೂರು ದಿನದೊಳಗೆ, ಭೂಮಿ ಹಸಿಯಿರುವಾಗ, ಎಕರೆಗೆ 1.3 ಲೀಟರು ಪೆಂಡಿಮೆಥಾಲಿನ್ (30 ಇ.ಸಿ.) ಸಿಂಪಡಿಸಿ. ಇಪ್ಪತ್ತು ದಿನದ ಹೊತ್ತಿಗೆ ಕಳೆ ನೋಡಿ ಎಡೆಕುಂಟೆ ಹೊಡೆಯಿರಿ. ಎಳೆ ಎಲೆ ಬಿಳಿಚಿದರೆ ಕಬ್ಬಿಣದ ಕೊರತೆ. ಲೀಟರು ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟು ಬೆರೆಸಿ ಸಿಂಪಡಿಸಿ. ಸಸಿಮಡಿ, ಕೆಸರು ಮಾಡುವ ಖರ್ಚು, ನಾಟಿಯ ಕೂಲಿ ಮೂರೂ ಉಳಿಯುತ್ತವೆ. ನೀರೂ ಕಡಿಮೆ ಸಾಕು. ಕಳೆ ಮಾತ್ರ ಕೈಬಿಡುವಂತಿಲ್ಲ.

ಖರ್ಚು, ಇಳುವರಿ ಎರಡನ್ನೂ ಬರೆದಿಡಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಯಿಸಿ. ಬೀಜ ಕಾಯುವ, ಕಳೆ ಕೀಳುವ ಮನೆಯಾಕೆಯನ್ನೂ ಮೊದಲೇ ಕೇಳಿ. ಅನುಮಾನ ಬಂದರೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯವಿದೆ. ಕೇಳಿದವನು ಸಣ್ಣವನಾಗುವುದಿಲ್ಲ.

ಹುಮ್ಮಸ್ಸು ಎಂದರೆ ಒಂದು ದಿನದ ಆವೇಶವಲ್ಲ. ನಾಳೆ ನಸುಕಿನಲ್ಲಿ ಎದ್ದು, ಬಿತ್ತಿದ್ದು ಹೇಗಿದೆ ಎಂದು ನೋಡಿಬರುವ ಆಸೆಯೇ ಹುಮ್ಮಸ್ಸು. ಈ ಆಸೆ ಬತ್ತಿದ ಮನೆಯಲ್ಲಿ ಕಾಲುವೆಯ ನೀರಿದ್ದರೂ ಬರವೇ.

ಈ ಮುಂಗಾರಿಗೆ ಅರ್ಧ ಎಕರೆ ಬೇರೆ ತೆಗೆದಿಡಿ. ನಗುವವರು ನಗಲಿ. ರಾಶಿಯ ದಿನ ಅವರನ್ನೂ ಕಣಕ್ಕೆ ಕರೆಯಿರಿ. ಲೆಕ್ಕದ ಪುಸ್ತಕವನ್ನು ಮುಚ್ಚಿಡದೆ ತೋರಿಸಿ.