ಟೋಪಿ ತೆಗೀಬೇಕೋ, ಇಟ್ಕೋಬೇಕೋ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಸಂತಿಗೆ ಹೋದ್ರೂ ಹಿರಿಯರ ತಲಿಮ್ಯಾಲ ಗಾಂಧಿ ಟೋಪಿ ಇಲ್ಲಾ ಪಟಕಾ ಇರತದ. ಬರಿ ತಲಿಲೆ ನಾಲ್ಕು ಮಂದಿ ಮುಂದ ಕೂಡೋದು ಅವರಿಗೆ ಮರ್ಯಾದಿ ಅಲ್ಲ. ಮದುವಿ ಆಯೇರಿಗೂ ಟೋಪಿ-ಟವೆಲ್ಲೇ. ನಾನು ಫೋಟೋ ಮುಗಿಯೂತನಕ ಹಾಕ್ಕೊಂಡು ಆಮ್ಯಾಲ ಕಿಸೆಕ್ಕ ಇಡತೀನಿ, ಸುಳ್ಳ್ಯಾಕ ಹೇಳಲಿ.

ನನ್ನ ಬಿಕಾಂ ಗೆಳೆಯನ ಮದುವೆ ಚರ್ಚಿನಲ್ಲಿತ್ತು. ಅಜ್ಜ ಹೊಸ ಟೋಪಿ ಹಾಕ್ಕೊಂಡು ಬಂದಿದ್ದ. ಬಾಗಿಲಲ್ಲಿ ಒಬ್ಬ ಹುಡುಗ ಮೆಲ್ಲಗೆ, "ಅಜ್ಜಾರ, ಟೋಪಿ ತೆಗೀರಿ" ಅಂದ. ಅಜ್ಜನ ಮುಖ ಸಣ್ಣದಾಯ್ತು. "ದೇವರ ಮುಂದ ಬರಿ ತಲಿಲೆ ಕುಂದರಲೇನೋ?" ಅಂತ ನನ್ನ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ. ಅವ್ವ ಮಾತ್ರ ಯಾರೂ ಹೇಳದೇ ತಲಿಮ್ಯಾಲ ಸೆರಗು ಎಳ್ಕೊಂಡು ಒಳಗ ಹೋದಳು. ಅಲ್ಲಿಯ ಹೆಣ್ಣಮಕ್ಕಳೂ ಹಂಗ ಕುಂತಿದ್ರು.

ಆಮೇಲೆ ಹುಡುಕಿ ಓದಿದೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ: ಪ್ರಾರ್ಥನೆ ಮಾಡುವಾಗ ಗಂಡಸು ತಲೆ ಮುಚ್ಚಬಾರದು, ಹೆಂಗಸು ಮುಚ್ಚಬೇಕು. ಕ್ಯಾಥೊಲಿಕ್ ಚರ್ಚಿನ 1917ರ ಕಾನೂನಿನಲ್ಲೂ ಇದಿತ್ತು. 1983ರ ಕಾನೂನಿನಲ್ಲಿ ಇಲ್ಲ. ಪದ್ಧತಿ ಮಾತ್ರ ಉಳಿದದ. ಬೀದರಿನ ಗುರುದ್ವಾರಕ್ಕ ಹೋದ್ರೆ ಪೂರ್ತಿ ಉಲ್ಟಾ, ತಲೆ ಮುಚ್ಚಲೇಬೇಕು. ಅಲ್ಲಿ ಬಾಗಿಲಲ್ಲಿ ನಿಂತು ಕರ್ಚೀಫ್ ಹುಡುಕೋನು ನಾನು.

ಅಜ್ಜ ಟೋಪಿ ಮಡಚಿ ಎರಡೂ ಕೈಯಾಗ ಹಿಡ್ಕೊಂಡು ಮದುವಿ ಮುಗಿಯೂತನಕ ಕುಂತ. ಹೊರಗ ಬಂದಾಗ ಗೆಳೆಯನ ಅಪ್ಪ ಕೈ ಮುಗಿದ್ರು. ಅಜ್ಜ "ಒಂದೀಟ ತಡೀರಿ" ಅಂದು, ಟೋಪಿ ಬಿಡಿಸಿ ತಲಿಮ್ಯಾಲ ಇಟ್ಕೊಂಡು, ಆಮ್ಯಾಲ ತಾನೂ ಕೈ ಮುಗಿದ.