ಪ್ರಿಂಟರ್ ಕೆಟ್ಟಿಲ್ಲ, ವಿಳಾಸ ತಪ್ಪಿದೆ

(ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪಶುವೈದ್ಯನಾದವನು ಕಾಲುಬಾಯಿ ಜ್ವರ, ಗರ್ಭಧಾರಣೆಯ ಮಾತು ಬಿಟ್ಟು ಪ್ರಿಂಟರ್ ವಿಷಯ ಎತ್ತಿದರೆ ತಮಗೆ ನಗು ಬರಬಹುದು. ಆದರೆ ಇತ್ತೀಚೆಗೆ ನಾನು ಹೋದ ಸಂಘಗಳಲ್ಲಿ ಹಸುವಿನ ಮಾತಿಗಿಂತ ಮೊದಲು ಬರುವ ದೂರು ಇದೇ: "ಸಾರ್, ಕಂಪ್ಯೂಟರ್ ಅಪ್‌ಡೇಟ್ ಆಯಿತಂತೆ, ಪ್ರಿಂಟರ್ ಆಫ್‌ಲೈನ್ ಅನ್ನುತ್ತಂತೆ, ಈ ಸಲ ಲೆಕ್ಕದ ಪಟ್ಟಿ ಕೊಡಲಿಲ್ಲ."

ಇದನ್ನು ನಾನೂ ಮೊದಲು ಹಗುರವಾಗಿಯೇ ತೆಗೆದುಕೊಂಡಿದ್ದೆ. ಒಂದು ಊರಿನಲ್ಲಿ ಒಬ್ಬ ತಾಯಿ ಮಿಶ್ರತಳಿ ಹಸು ಸಾಕಿದ್ದಾರೆ. ಹಾಲು ಹಾಕಲು ಬರುವವನು ಮಗ. ದಿನದ ಚೀಟಿ ಅವನ ಜೇಬಿನಲ್ಲೇ ಉಳಿದು, ಬಟ್ಟೆ ಒಗೆಯುವಾಗ ಮುದ್ದೆಯಾಗುತ್ತದೆ. ಆಕೆ ನೋಡುತ್ತಿದ್ದುದು ಬಟವಾಡೆಯ ಪಟ್ಟಿಯನ್ನು. ಅದರಲ್ಲಿ ದಿನವಾರು ಲೀಟರ್, ಫ್ಯಾಟ್, ಎಸ್.ಎನ್.ಎಫ್., ಪಶು ಆಹಾರದ ಕಡಿತ ಎಲ್ಲವೂ ಸಾಲಾಗಿ ಇರುತ್ತವೆ. ಎರಡು ಬಟವಾಡೆಗೆ ಆ ಪಟ್ಟಿ ಬರಲಿಲ್ಲ. ಬ್ಯಾಂಕಿಗೆ ಬಂದ ಹಣ ಕಡಿಮೆ ಎನಿಸಿತು. ಫೀಡ್ ಬಾಬ್ತು ಹಿಡಿದಿರಬೇಕೆಂದು ಸುಮ್ಮನಾದರು. ನಾನು ಹೋಗುವ ಹೊತ್ತಿಗೆ ಕೆಚ್ಚಲಿನ ಒಂದು ಭಾಗ ಗಟ್ಟಿಯಾಗಿತ್ತು. ಸಂಘದ ಕಂಪ್ಯೂಟರ್ ತೆಗೆಸಿ ನೋಡಿದರೆ ಎಸ್.ಎನ್.ಎಫ್. ಮೂರು ವಾರದಿಂದ ಮೆಟ್ಟಿಲಿಳಿದಂತೆ ಇಳಿಯುತ್ತಾ ಬಂದಿದೆ. ಹೊರಗೆ ಕಾಣದ ಕೆಚ್ಚಲು ಬಾವು ಇದ್ದಾಗ ಹಾಲಿನಲ್ಲಿ ಲ್ಯಾಕ್ಟೋಸ್, ಕೇಸೀನ್ ಕುಗ್ಗುತ್ತವೆ, ಎಸ್.ಎನ್.ಎಫ್. ಬೀಳುತ್ತದೆ. ಪಟ್ಟಿ ಸಮಯಕ್ಕೆ ಸಿಕ್ಕಿದ್ದರೆ ಆ ಭಾಗವನ್ನು ಉಳಿಸಬಹುದಿತ್ತೇನೋ.

ಅದೇ ಸಂಘದಲ್ಲಿ ಹೊಸ ಪ್ರಿಂಟರ್ ಕೊಳ್ಳುವ ಮಾತು ಆಡಳಿತ ಮಂಡಳಿಯ ಮುಂದೆ ಬಂದಿತ್ತು. ಪ್ರಿಂಟರ್‌ಗೆ ಏನೂ ಆಗಿರಲಿಲ್ಲ.

ಹಸು ಮೇವು ಬಿಟ್ಟಿತೆಂದು ನಾವು ಬಂದ ಕೂಡಲೇ ಸೂಜಿ ಚುಚ್ಚುವುದಿಲ್ಲ. ಮೊದಲು ಜ್ವರ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಹಾಲು ಪರೀಕ್ಷಾ ಯಂತ್ರದ ಪಕ್ಕದ ಚಿಕ್ಕ ಪ್ರಿಂಟರ್‌ಗೆ ತಂತಿ ಇದ್ದರೆ ಅದಕ್ಕೆ ಈ ಕಾಯಿಲೆ ಬರುವುದಿಲ್ಲ. ತೊಂದರೆ ಇರುವುದು ಕಚೇರಿಯಲ್ಲಿ ವೈಫೈ ಮೇಲೆ ನಡೆಯುವ ಪ್ರಿಂಟರ್‌ನದು. ವೈಫೈ ಪೆಟ್ಟಿಗೆ, ಅಂದರೆ ರೌಟರ್, ತನ್ನ ಮನೆಯೊಳಗಿನ ಪ್ರತಿ ಯಂತ್ರಕ್ಕೂ ಒಂದು ನಂಬರಿನ ವಿಳಾಸ ಕೊಡುತ್ತದೆ. ಕರೆಂಟು ಹೋಗಿ ಬಂದಾಗ ಆ ವಿಳಾಸ ಬದಲಾಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸಕ್ಕೇ ಕಾಗದ ಹಾಕುತ್ತಿರುತ್ತದೆ, ಉತ್ತರ ಬಾರದಿದ್ದರೆ 'ಆಫ್‌ಲೈನ್' ಎನ್ನುತ್ತದೆ. ಅಪ್‌ಡೇಟ್ ಬಂದಾಗ ಇನ್ನೂ ಎರಡು ಎಡವಟ್ಟು ಆಗಬಹುದು. ಸಂಘದ ವೈಫೈಯನ್ನು ಕಂಪ್ಯೂಟರ್ 'ಪಬ್ಲಿಕ್' ಎಂದು ಬಗೆದು ಅಕ್ಕಪಕ್ಕದ ಯಂತ್ರಗಳನ್ನು ಹುಡುಕುವುದನ್ನೇ ನಿಲ್ಲಿಸಬಹುದು. ಇಲ್ಲವೇ ಅದೇ ಪ್ರಿಂಟರ್ 'ಕಾಪಿ 1' ಎಂಬ ಹೆಸರಿನಲ್ಲಿ ಮತ್ತೊಮ್ಮೆ ಪಟ್ಟಿಗೆ ಸೇರಬಹುದು. ಹೆಸರು ಎರಡು, ಯಂತ್ರ ಒಂದು. ಕಾರ್ಯದರ್ಶಿಗಳು ಒತ್ತುವುದು ಸತ್ತ ಹೆಸರನ್ನು.

ಒಕ್ಕೂಟದ ಕಂಪ್ಯೂಟರ್ ಬಲ್ಲವರಿಂದ ಕೇಳಿ, ನಾನೇ ಎದುರಿಗೆ ಕೂತು ಮಾಡಿಸಿ ನೋಡಿದ್ದನ್ನು ಹೇಳುತ್ತೇನೆ. ಮೊದಲು ರೌಟರ್ ಆರಿಸಿ ಹಚ್ಚಿ. ಅದರ ದೀಪಗಳು ನಿಂತ ಮೇಲೆ ಪ್ರಿಂಟರ್, ಕೊನೆಗೆ ಕಂಪ್ಯೂಟರ್. ಈ ಕ್ರಮ ತಪ್ಪಿಸಬೇಡಿ; ಅರ್ಧಕ್ಕರ್ಧ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ವೈಫೈ ಸೆಟ್ಟಿಂಗ್‌ನಲ್ಲಿ 'ಪ್ರೈವೇಟ್' ಎಂದು ಮಾಡಿ. ಪ್ರಿಂಟರ್ ಮತ್ತು ಕಂಪ್ಯೂಟರ್ ಒಂದೇ ರೌಟರ್‌ಗೆ ಸೇರಿವೆಯೇ ನೋಡಿ; ಎಷ್ಟೋ ಸಲ ಕಂಪ್ಯೂಟರ್ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ಗೆ ಅಂಟಿಕೊಂಡಿರುತ್ತದೆ!

ಅದಕ್ಕೂ ಜಗ್ಗದಿದ್ದರೆ ಪ್ರಿಂಟರ್‌ನ ನೆಟ್‌ವರ್ಕ್ ವಿವರದ ಪುಟವನ್ನು ಅದರ ಗುಂಡಿಯಿಂದಲೇ ಮುದ್ರಿಸಿ. ಅದರಲ್ಲಿ 'ಐಪಿ ಅಡ್ರೆಸ್' ಎಂದು ನಾಲ್ಕು ತುಂಡಿನ ನಂಬರು ಇರುತ್ತದೆ. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆಗೆದು 'ಪೋರ್ಟ್ಸ್' ಎಂಬಲ್ಲಿ ಹಳೆಯ ನಂಬರಿದ್ದರೆ 'ಆಡ್ ಪೋರ್ಟ್', 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಆರಿಸಿ ಹೊಸ ನಂಬರು ಕೊಡಿ. ನಡುವೆ ಸಿಕ್ಕಿಕೊಂಡ ಹಳೆಯ ಮುದ್ರಣಗಳನ್ನು ರದ್ದು ಮಾಡಿ, 'ಸರ್ವಿಸಸ್'ನಲ್ಲಿ 'ಪ್ರಿಂಟ್ ಸ್ಪೂಲರ್' ಅನ್ನು ರೀಸ್ಟಾರ್ಟ್ ಮಾಡಿ. ಸರಿಹೋದ ಮೇಲೆ ರೌಟರ್ ಹಾಕಿದವರನ್ನು ಕರೆಸಿ ಪ್ರಿಂಟರ್‌ಗೆ ಆ ವಿಳಾಸವನ್ನು ಕಾಯಂ ಮಾಡಿಸಿ. ಇದೊಂದನ್ನು ಮಾಡಿಸದೆ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ.

"ಅಪ್‌ಡೇಟನ್ನೇ ನಿಲ್ಲಿಸಿಬಿಡೋಣ" ಎನ್ನುವವರಿದ್ದಾರೆ. ಅಪ್‌ಡೇಟಿನಿಂದ ತೊಂದರೆ ಆದದ್ದು ಉಂಟು, ಇಲ್ಲವೆನ್ನುವುದಿಲ್ಲ. 2021ರ ಮಾರ್ಚ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟಿನಿಂದ ಕೆಲವು ಪ್ರಿಂಟರ್‌ಗಳಿಗೆ ಮುದ್ರಣ ಕೊಟ್ಟೊಡನೆ ಕಂಪ್ಯೂಟರೇ ನೀಲಿ ಪರದೆ ತೋರಿಸಿ ನಿಲ್ಲುತ್ತಿತ್ತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್‌ನವರು ತಿದ್ದುಪಡಿ ಕಳುಹಿಸಿದರು. ಆದರೆ ತಮ್ಮೆಲ್ಲರ ಹಣದ ಲೆಕ್ಕ ಇರುವ ಯಂತ್ರಕ್ಕೆ ಅಪ್‌ಡೇಟ್ ಬೇಡವೆನ್ನುವುದು ರಾಸಿಗೆ ಲಸಿಕೆ ಬೇಡವೆಂದಂತೆ. ಬಟವಾಡೆಯ ವಾರ 'ಪಾಸ್' ಕೊಟ್ಟು ಮುಂದೂಡಿ, ಮುಗಿದ ಮೇಲೆ ಹಾಕಿಸಿ. ಇನ್ನೂ ವಿಂಡೋಸ್ 10 ಇಟ್ಟುಕೊಂಡಿರುವ ಸಂಘಗಳು ಗಮನಿಸಬೇಕು: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಸದಸ್ಯರಾದ ತಮಗೆ ಒಂದು ಮಾತು. ಇವೆಲ್ಲ ಕಾರ್ಯದರ್ಶಿಗಳ ಕೆಲಸ, ಆದರೆ ಪಟ್ಟಿ ಕೇಳುವುದು ತಮ್ಮ ಹಕ್ಕು. "ಪ್ರಿಂಟರ್ ಇಲ್ಲ" ಎಂದರೆ ಜಗಳ ಬೇಡ, ಪ್ರಿಂಟರ್‌ನಲ್ಲಿ ಯು.ಎಸ್.ಬಿ. ಕಿಂಡಿ ಇದ್ದರೆ ಒಂದು ಕೇಬಲ್ ಹಾಕಿ ಆ ದಿನಕ್ಕೆ ಕೆಲಸ ನಡೆಸಬಹುದು. ಅದೂ ಆಗದಿದ್ದರೆ ಪರದೆ ತೋರಿಸಿ ಎನ್ನಿ, ಫ್ಯಾಟ್, ಎಸ್.ಎನ್.ಎಫ್. ಅಂಕಿಗಳನ್ನು ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳಿ. ಆ ತಾಯಿಯ ಹಸು ಈಗ ಮೂರು ಮೊಲೆಯಲ್ಲಿ ಹಾಲು ಕೊಡುತ್ತಿದೆ. ಎಸ್.ಎನ್.ಎಫ್. ಸತತವಾಗಿ ನಾಲ್ಕೈದು ದಿನ ಇಳಿದಿದ್ದರೆ ಬಟವಾಡೆಯವರೆಗೆ ಕಾಯದೆ ನಮಗೆ ತಿಳಿಸಿ. ಕೆಚ್ಚಲು ಬಾವಿನ ಸಿ.ಎಂ.ಟಿ. ಪರೀಕ್ಷೆಯನ್ನು ಕೊಟ್ಟಿಗೆಯಲ್ಲೇ ಮಾಡಬಹುದು, ಕೆಲವೇ ನಿಮಿಷದ ಕೆಲಸ.