ಕೊಟ್ಟ ಮಾತು

(ಶಾಖಾಮಠದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಾಜಸೇವೆಯ ಕುರಿತು ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ಸಿವಿಲ್ ಡಿಪ್ಲೊಮಾ ಪಡೆದು ರೈಲ್ವೆಯ ಹಳಿ ವಿಭಾಗದಲ್ಲಿ ದುಡಿದವನು, ವಿದ್ವಾಂಸನಲ್ಲ. ಆದಕಾರಣ ಸೇವೆಯ ಮಹಿಮೆಯನ್ನು ಬಣ್ಣಿಸುವ ಕಾರ್ಯವನ್ನು ಬಲ್ಲವರಿಗೆ ಬಿಟ್ಟು, ಸೇವೆ ಮಾಡಹೋಗಿ ನಾನೇ ಎಸಗಿದ ತಪ್ಪೊಂದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಿವೃತ್ತಿಯ ಬಳಿಕ, 2022ರಲ್ಲಿ, ಮುಂಬಯಿಯ ನಿಲ್ದಾಣವೊಂದರಲ್ಲಿ ಮನೆ ಬಿಟ್ಟು ಬಂದ ಮಕ್ಕಳಿಗೆ ನೆರವಾಗುವ ಸಂಸ್ಥೆಗೆ ಸ್ವಯಂಸೇವಕನಾಗಿ ಹೋಗುತ್ತಿದ್ದೆನು. ಒಂದು ಸಂಜೆ ನಮ್ಮ ಕಡೆಯ ಬಾಲಕನೊಬ್ಬನು ಗಾಡಿಯಿಂದಿಳಿದು ಅಲ್ಲಿಗೆ ಬಂದನು. ಊರು, ಹೆಸರು ಹೇಳಲಾರೆ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಕನ್ನಡವಲ್ಲದೆ ಅವನಿಗೆ ಬೇರೆ ಭಾಷೆ ಬಾರದು. ಅಲ್ಲಿದ್ದವರಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಬಿಸ್ಕತ್ತು ತಿನ್ನುತ್ತ ತನ್ನ ಚಿಕ್ಕಪ್ಪನು ಹೊಡೆಯುವುದನ್ನು ಹೇಳಿದನು. "ಯಾರ ಮುಂದೂ ಹೇಳಬ್ಯಾಡ್ರಿ ಅಜ್ಜಾರ" ಎಂದನು. "ಇಲ್ಲಪ್ಪ, ಯಾರಿಗೂ ಹೇಳೋದಿಲ್ಲ" ಎಂದು ಮಾತು ಕೊಟ್ಟೆನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತಾಯಿ ಎಷ್ಟು ಕಂಗಾಲಾಗಿರುವಳೋ ಎಂದು ಮನಸ್ಸು ಕರಗಿತು. ಹುಡುಗನ ಚೀಟಿಯಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದೆನು. ಎತ್ತಿಕೊಂಡವನು ಅದೇ ಚಿಕ್ಕಪ್ಪ! ಮರುದಿನ ಸಂಜೆಗೆ ಅವನು ಬಾಗಿಲಲ್ಲಿ ನಿಂತಿದ್ದನು. ಸಂಸ್ಥೆಯವರು ಅವನ ಕೈಗೆ ಹುಡುಗನನ್ನು ಒಪ್ಪಿಸಲಿಲ್ಲವೆಂಬುದು ನನ್ನ ಪುಣ್ಯ. ಆದರೆ ಹುಡುಗನು ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದನು. ಅನಂತರ ನನ್ನೊಡನೆ ಮಾತನಾಡಲೇ ಇಲ್ಲ. ಅವನ ಭಾಷೆ ಬಲ್ಲ ಒಬ್ಬನೂ ಇಲ್ಲದಂತಾಯಿತು.

ಅಲ್ಲಿಯ ಸಮಾಜಕಾರ್ಯಕರ್ತೆ ನನ್ನ ಮಗಳಿಗಿಂತ ಚಿಕ್ಕವಳು. "ಕಾಕಾ, ಕರೆ ಮಾಡಿದ್ದು ಎರಡನೆಯ ತಪ್ಪು. ಯಾರಿಗೂ ಹೇಳುವುದಿಲ್ಲವೆಂದದ್ದು ಮೊದಲನೆಯದು" ಎಂದಳು. ಅವಳ ವೃತ್ತಿಯಲ್ಲಿ ಅಂಥ ಮಾತನ್ನು ಕೊಡುವುದೇ ಇಲ್ಲವಂತೆ. "ನಿನ್ನನ್ನು ಕಾಪಾಡಲು ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ" ಎಂದು ಮಗುವಿಗೆ ಮೊದಲೇ ಹೇಳುವುದು ಕ್ರಮ. ನನಗೆ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ಕರುಣೆಯಿದ್ದರೆ ಸಾಕೆಂದು ಭಾವಿಸಿದ್ದೆನು. ಹಳಿಯ ಮೇಲೆ ಹಾಗೆ ಭಾವಿಸುತ್ತಿದ್ದೆನೆ? ಬ್ಲಾಕ್ ಪಡೆಯದೆ ಹಳಿ ಬಿಚ್ಚುವಂತಿಲ್ಲ. ಕೆಲಸ ಮುಗಿದ ಮೇಲೆ ಹಳಿ ಸುರಕ್ಷಿತವೆಂದು ಹೊಣೆಗಾರನು ಬರೆದುಕೊಡದೆ ಗಾಡಿ ಬಿಡುವಂತಿಲ್ಲ. ಪ್ರಯಾಣಿಕರಿಗೆ ತಡವಾಗುತ್ತದೆಂಬ ಮರುಕದಿಂದ ಯಾರೂ ಸಹಿ ಹಾಕುವುದಿಲ್ಲ. ಮಗುವಿನ ವಿಷಯದಲ್ಲಿಯೂ ಅಂಥದೇ ಕ್ರಮವಿದೆ. 2015ರ ಬಾಲನ್ಯಾಯ ಕಾಯಿದೆಯಂತೆ, ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಯ ಸ್ಥಿತಿಗತಿಯ ಸಾಮಾಜಿಕ ತನಿಖೆ 15 ದಿನಗಳಲ್ಲಿ ಆಗಬೇಕು. ಮನೆಗೆ ಕಳುಹಿಸುವುದೋ ಬೇಡವೋ ಎಂಬ ನಿರ್ಣಯ ಆ ಸಮಿತಿಯದು, ನನ್ನಂಥವನದಲ್ಲ.

ಸಮಾಜಕಾರ್ಯವೂ ಕಲಿಯಬೇಕಾದ ವಿದ್ಯೆಯೆಂದು ಮುಂಬಯಿ ಬಹು ಹಿಂದೆಯೇ ಅರಿತಿತ್ತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯು 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿಯೇ ಇಲ್ಲಿ ಆರಂಭವಾಯಿತು. ಮಕ್ಕಳ ಸಹಾಯವಾಣಿ 1098 ಕೂಡ 1996ರಲ್ಲಿ ಅದೇ ಸಂಸ್ಥೆಯ ಯೋಜನೆಯಾಗಿ ಈ ನಗರದಲ್ಲಿಯೇ ಹುಟ್ಟಿತು. ನಿಲ್ದಾಣದಲ್ಲಿ ಒಂಟಿ ಮಗುವನ್ನು ಕಂಡರೆ ತಾವೂ ಆ ಸಂಖ್ಯೆಗೆ ಕರೆ ಮಾಡಬಹುದು.

ಆ ಹುಡುಗನು ಕೊನೆಗೆ ತನಿಖೆಯಾದ ಮೇಲೆ ಅಜ್ಜಿಯ ಮನೆ ಸೇರಿದನೆಂದು ತಿಳಿಯಿತು. ಅದಕ್ಕಿಂತ ಹೆಚ್ಚನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ಭಾಷಣದೊಡನೆ ಅಚ್ಚು ಹಾಕಲು ನಾನು ಮಕ್ಕಳಿಗೆ ಊಟ ಬಡಿಸುವ ಭಾವಚಿತ್ರವೊಂದು ಬೇಕೆಂದು ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ಅಂಥ ಮಗುವಿನ ಗುರುತು ಹೊರಗೆಡಹುವ ಚಿತ್ರವನ್ನು ಪ್ರಕಟಿಸಿದರೆ ಆರು ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಕಾಯಿದೆ ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ನಮ್ಮ ಮಕ್ಕಳು ಊಟಕ್ಕೆ ಕೈಯೊಡ್ಡಿದ ಚಿತ್ರ ಅಚ್ಚಾದರೆ ನಾವು ಸುಮ್ಮನಿರುವೆವೆ? ಸಂಪಾದಕರು ಮನ್ನಿಸಿ, ಆ ಜಾಗದಲ್ಲಿ ಒಂದು ಜಾಹೀರಾತು ಹಾಕಿಕೊಳ್ಳಬೇಕೆಂದು ವಿನಂತಿ.